'ರಕ್ತ ಕಮ್ಮಿ ಐತಿ' ಅಂತ ಐಸಿಯುನಲ್ಲಿ ಹೇಳಿದ್ರೆ ಏನ್ ಬಂತು?



ಕಿರವತ್ತಿ ರಸ್ತೆಬದಿ ನಿಂತ್ರೆ ಯಲ್ಲಾಪುರ ಕಡೆಯಿಂದ ಹುಬ್ಬಳ್ಳಿಗೆ ಓಡೋ ಆಂಬುಲೆನ್ಸ್‌ಗಳು ಕಾಣ್ತಾವೆ. ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕು ಅಂತ 2022ರಲ್ಲಿ ಜನ ಬೀದಿಗಿಳಿದಾಗ ನಾನೂ ಇದ್ದೆ. ಆ ಬೇಡಿಕೆ ಈಗಲೂ ಸರಿಯೇ. ಆದ್ರೆ ಆಂಬುಲೆನ್ಸ್ ಹತ್ತೋ ಮೊದಲೇ ನಮ್ಮ ಹೆಣ್ಣುಮಕ್ಕಳು ಅರ್ಧ ಸೋತಿರ್ತಾರೆ.

ಹೋದ ವರ್ಷ ನಮ್ಮ ಕೇರಿಯ ಅಕ್ಕ ಒಬ್ಬರು ನ್ಯುಮೋನಿಯಾ ಆಗಿ ಐಸಿಯು ಸೇರಿದ್ರು. ಹಿಮೋಗ್ಲೋಬಿನ್ 7. "ನೀವು ಸರಿಯಾಗಿ ಉಣ್ಣಲ್ಲ, ಗುಳಿಗೆ ನುಂಗಲ್ಲ" ಅಂತ ಅಲ್ಲಿಯವರು ಬೈದ್ರು. "ಈಗಾದ್ರೂ ಗುಳಿಗೆ ಕೊಡ್ರಿ" ಅಂದ ಮಗನಿಗೆ ಯಾರೂ ಉತ್ತರ ಕೊಡಲಿಲ್ಲ.

ಉತ್ತರ ನಾನು ಆಮೇಲೆ ಓದಿ ತಿಳ್ಕೊಂಡೆ. ದೊಡ್ಡ ಸೋಂಕು ಬಂದಾಗ ಲಿವರ್ ಹೆಪ್ಸಿಡಿನ್ ಅನ್ನೋ ಹಾರ್ಮೋನನ್ನ ಜಾಸ್ತಿ ಬಿಡುತ್ತೆ. ರೋಗಾಣುಗಳಿಗೂ ಕಬ್ಬಿಣ ಬೇಕಲ್ಲ, ಅವಕ್ಕೆ ಸಿಗಬಾರದು ಅಂತ ದೇಹ ಕಣಜಕ್ಕೆ ಬೀಗ ಹಾಕುತ್ತೆ. ತಿಂದ ಕಬ್ಬಿಣ ಕರುಳಿಂದ ರಕ್ತಕ್ಕೆ ಸೇರಲ್ಲ, ಒಳಗೆ ಕೂಡಿಟ್ಟದ್ದೂ ಹೊರಗೆ ಬರಲ್ಲ. ಆಗ ಗುಳಿಗೆ ನುಂಗಿದ್ರೂ ಅಷ್ಟಕ್ಕಷ್ಟೆ. ಸೋಂಕಿದ್ದಾಗ ಫೆರಿಟಿನ್ ತಾನಾಗೇ ಏರೋದ್ರಿಂದ ಖಾಲಿ ಕಣಜವೂ ರಿಪೋರ್ಟಲ್ಲಿ ತುಂಬಿದಂಗೆ ಕಾಣಬಹುದು. ಇದರ ಮೇಲೆ ಟೆಸ್ಟಿಗೆ ಅಂತ ದಿನಾ 40-70 ಮಿಲಿ ರಕ್ತ ತೆಗೆಯೋದುಂಟು. 14 ಇಟ್ಕೊಂಡು ಹೋದವರಿಗೂ ಅಲ್ಲಿ ಇಳಿಯುತ್ತೆ, ಆದ್ರೆ ಅವರಿಗೆ ಇಳಿಯೋಕೆ ಜಾಗ ಇದೆ. 7ರಲ್ಲಿ ಹೋದವರಿಗೆ? ಸಾಮಾನ್ಯವಾಗಿ ರಕ್ತ ಏರಿಸೋ ಗೆರೆಯೇ 7.

"ಡೋನರ್ ಕರ್ಕೊಂಡು ಬನ್ನಿ" ಅಂದ್ರು. ಕೂಲಿ ಬಿಟ್ಟು ಐದು ಜನ ಹೋದ್ವಿ. ಇಬ್ಬರನ್ನ ವಾಪಸ್ ಕಳಿಸಿದ್ರು. ರಕ್ತ ಕೊಡೋಕೆ 12.5 ಇರಬೇಕಂತೆ!

ಕೇಂದ್ರ ಸರ್ಕಾರದ್ದೇ 2019-21ರ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ. ಇಷ್ಟೂ ಜನ ಉಣ್ಣೋದು ಗೊತ್ತಿಲ್ಲದವರಾ? ಸೊಪ್ಪು-ಕಾಳಿನ ಕಬ್ಬಿಣಕ್ಕಿಂತ ಮಾಂಸದ ಕಬ್ಬಿಣ ಮೈಗೆ ಬೇಗ ಹತ್ತುತ್ತೆ. ಮಟನ್ ನಮ್ಮ ಕೂಲಿಗೆ ಎಟುಕಲ್ಲ. ಬಡವರ ದನದ ಮಾಂಸಕ್ಕೆ 2020ರ ಕಾಯ್ದೆ ಬಂತು. ಶಾಲೆಯಲ್ಲಿ ಮೊಟ್ಟೆ ಕೊಟ್ರೂ ಗಲಾಟೆ (ಮೊಟ್ಟೆಯಲ್ಲಿ ಕಬ್ಬಿಣ ಅಷ್ಟೇನಿಲ್ಲ, ಆ ಮಾತು ಬೇರೆ). ಲಿವರ್, ರಕ್ತ ತಿಂತೀವಿ ಅಂತ ಮೂಗು ಮುಚ್ಚಿದವರೇ ಈಗ ಡಯಟ್ ಚಾರ್ಟಲ್ಲಿ ಲಿವರ್ ಬರೀತಾರೆ.

ಅಕ್ಕ ಬದುಕಿ ಬಂದ್ರು. ಎರಡು ತಿಂಗಳು ಕೊಡ ಎತ್ತೋಕಾಗಲಿಲ್ಲ.

ಬಸುರಿಯರಿಗಷ್ಟೇ ಅಲ್ಲ, ದಲಿತ ಕೇರಿ, ಸಿದ್ದಿ ಮತ್ತು ಗೌಳಿ ವಾಡೆಗಳ ಎಲ್ಲರಿಗೂ ಮನೆಬಾಗಿಲಲ್ಲೇ ಹಿಮೋಗ್ಲೋಬಿನ್ ಟೆಸ್ಟ್ ಆಗಬೇಕು. ಬರೋ ಗ್ರಾಮಸಭೆಯಲ್ಲಿ ಇದನ್ನ ಎತ್ತುತ್ತೀನಿ. ಮುಂಡಗೋಡ, ಹಳಿಯಾಳದ ಗೆಳೆಯರೇ, ನಿಮ್ಮಲ್ಲಿ ಯಾರು ಎತ್ತುತ್ತೀರಿ?