ಅಪ್‌ಗ್ರೇಡ್ ಮಾಡುವ ಮುನ್ನ ಗಿರಾಕಿಯ ಫೈಲ್ ನೋಡಿ

ಪ್ರತಿ ವರ್ಷ ಕ್ಯಾಡ್ ಸಾಫ್ಟ್‌ವೇರಿನ ಹೊಸ ಆವೃತ್ತಿಗೆ ಹಣ ಕಟ್ಟದ ಸಣ್ಣ ಡಿಸೈನ್ ಕಚೇರಿಗಳು ಮುಳುಗುತ್ತವೆ ಎಂಬ ಕಳೆದ ಸಂಚಿಕೆಯ ವಾದ ತಪ್ಪು. ಲೇಖಕರು ಹೊಸ ಸೌಲಭ್ಯಗಳನ್ನು ಎಣಿಸಿದ್ದಾರೆಯೇ ಹೊರತು, ಗಿರಾಕಿ ಕಳಿಸಿದ ಡ್ರಾಯಿಂಗ್ ಹಳೆಯದರಲ್ಲಿ ತೆರೆಯುತ್ತದೆಯೇ ಎಂದು ಕೇಳಿಯೇ ಇಲ್ಲ. ಆಟೋಕ್ಯಾಡ್‌ನ ಡಿಡಬ್ಲ್ಯೂಜಿ ಫೈಲಿನ ಸ್ವರೂಪ 2018ರ ಆವೃತ್ತಿಯಲ್ಲಿ ಬದಲಾಯಿತು, 2025ರ ಆವೃತ್ತಿಯವರೆಗೂ ಹಾಗೆಯೇ ಉಳಿಯಿತು. ಎರಡು ಆಯಾಮದ ನಕ್ಷೆಯಷ್ಟೇ ಬಿಡಿಸುವವರಿಗೆ ಈ ಅವಧಿಯಲ್ಲಿ ಫೈಲ್ ವಿನಿಮಯದ ದೃಷ್ಟಿಯಿಂದ ಅಪ್‌ಗ್ರೇಡಿನ ಒತ್ತಡವೇ ಇರಲಿಲ್ಲ. ಮೇಲಾಗಿ, 2016ರ ಆರಂಭದಲ್ಲೇ ತಯಾರಕ ಕಂಪನಿ ಆಟೋಡೆಸ್ಕ್ ಆಟೋಕ್ಯಾಡ್‌ನ ಹೊಸ ಶಾಶ್ವತ ಲೈಸೆನ್ಸ್ ಮಾರುವುದನ್ನು ನಿಲ್ಲಿಸಿದೆ. ಹಾಗಾಗಿ ಕೈಯಲ್ಲಿರುವ ಶಾಶ್ವತ ಲೈಸೆನ್ಸ್ ಬಿಟ್ಟುಕೊಟ್ಟು ಚಂದಾದಾರರಾದವರು ಕಂತು ತಪ್ಪಿಸಿದ ದಿನ ಬರಿಗೈಯಲ್ಲಿ ಕೂರಬೇಕಾಗುತ್ತದೆ. ಈ ನಷ್ಟವನ್ನು ಲೆಕ್ಕಕ್ಕೇ ಹಿಡಿಯದೆ ಸಣ್ಣವರಿಗೆ ಸಲಹೆ ಕೊಡುವುದು ನ್ಯಾಯವಲ್ಲ.

ಸಾಲಿಡ್‌ವರ್ಕ್ಸ್‌ನಂಥ ಮೂರು ಆಯಾಮದ ಸಾಫ್ಟ್‌ವೇರಿನಲ್ಲಿ ಸ್ಥಿತಿ ಬೇರೆ ಎಂದು ಯಾರಾದರೂ ಆಕ್ಷೇಪಿಸಿದರೆ ಒಪ್ಪುತ್ತೇನೆ. ಹೊಸ ಆವೃತ್ತಿಯಲ್ಲಿ ಉಳಿಸಿದ ಮಾದರಿಯನ್ನು ಹಳೆಯದರಲ್ಲಿ ತಿದ್ದಲಾಗದು. ಹಿಂದಿನ ಆವೃತ್ತಿಗೆ ಉಳಿಸಲು 2024ರ ಆವೃತ್ತಿಯಲ್ಲಿ ಬಂದ ಸೌಲಭ್ಯವೂ ಎರಡು ಆವೃತ್ತಿಗಳಷ್ಟೇ ಹಿಂದೆ ಹೋಗುತ್ತದೆ. ಬೇರೆ ಬೇರೆ ಸಾಫ್ಟ್‌ವೇರುಗಳ ನಡುವೆ ಮಾದರಿ ಸಾಗಿಸುವ ಸ್ಟೆಪ್ ಫೈಲಿನಲ್ಲಿ ಆಕಾರ ಬರುತ್ತದೆ, ಅದನ್ನು ಕಟ್ಟಿದ ಹಂತಗಳು ಬರುವುದಿಲ್ಲ. ಹಾಗಾಗಿ ದೊಡ್ಡ ಕಂಪನಿಯೊಂದಿಗೆ ಅದೇ ಮಾದರಿಯನ್ನು ದಿನವೂ ತಿದ್ದಬೇಕಾದ ಪೀಣ್ಯದ ಘಟಕ ಹಣ ಕಟ್ಟಲೇಬೇಕು. ಸ್ಟೆಪ್ ಫೈಲ್ ಪಡೆದು ಬಿಡಿಭಾಗ ಕಡೆದುಕೊಡುವ ಪಕ್ಕದ ಘಟಕಕ್ಕೆ ಆ ಖರ್ಚು ಬೇಡ. ಅದೇ ಹಣದಲ್ಲಿ ಒಳ್ಳೆಯ ಅಳತೆ ಉಪಕರಣ ಕೊಳ್ಳಲಿ.