ಏರಿ ಒಡೆಯುವುದಕ್ಕೆ ಮುನ್ನ

ಮಳೆಗಾಲದಲ್ಲಿ ಕೆರೆ ಕೋಡಿ ಬಿದ್ದಿತೆಂಬ ಸಂತೋಷದ ಸುದ್ದಿಯ ಬೆನ್ನಿಗೇ ಎಲ್ಲಿಯೋ ಒಂದು ಕೆರೆಯ ಏರಿ ಒಡೆಯಿತೆಂಬ ಸುದ್ದಿಯೂ ಬರುವುದುಂಟು. ಒಂದೆರಡು ದಿನ ಮರಳಿನ ಮೂಟೆಗಳ ಗಡಿಬಿಡಿ. ಬಳಿಕ ಎಲ್ಲರೂ ಮಳೆಯನ್ನು ಶಪಿಸಿ ಸುಮ್ಮನಾಗುತ್ತಾರೆ. ಮಳೆ ನೆಪವಾಗಿರಬಹುದು, ಕಾರಣ ಬಹುಮಟ್ಟಿಗೆ ಏರಿಯೊಳಗೆ ವರ್ಷಗಟ್ಟಲೆ ಬೆಳೆದಿರುತ್ತದೆ, ಮತ್ತು ನೋಡುವ ಕಣ್ಣಿಗೆ ಅದು ಕಾಣುತ್ತದೆ ಎಂಬುದು ನಮ್ಮ ಅಭಿಪ್ರಾಯ.

2019ನೆಯ ಇಸವಿಯ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆಯಲ್ಲಿ ಮಣ್ಣಿನ ನೀರಾವರಿ ಕಟ್ಟೆಯೊಂದು ಒಡೆಯಿತು. ಕಡಮೆಯೆಂದರೂ 19 ಮಂದಿ ಪ್ರಾಣ ಕಳೆದುಕೊಂಡರು. ಕಟ್ಟೆ ಸೋರುತ್ತಿದೆಯೆಂದು ಹಳ್ಳಿಗರು ಮೊದಲೇ ದೂರಿದ್ದರೆಂದು ಅಂದಿನ ವರದಿಗಳು ತಿಳಿಸಿದುವು. ಆ ರಾಜ್ಯದ ಸಚಿವರೊಬ್ಬರು ಸೋರಿಕೆಗೆ ಏಡಿಗಳೇ ಕಾರಣವೆಂದಾಗ ದೇಶವೆಲ್ಲ ನಕ್ಕಿತು. ಆದರೆ ಮಣ್ಣಿನ ಏರಿಗೆ ಪ್ರಾಣಿಗಳ ಬಿಲಗಳು ಅಪಾಯಕಾರಿಯೆಂಬುದನ್ನು ಎಂಜಿನಿಯರುಗಳು ಬಹುಕಾಲದಿಂದ ಬಲ್ಲರು. ತಿವರೆಯಲ್ಲಿ ಏಡಿಯ ಪಾಲು ಎಷ್ಟಿತ್ತೆಂಬ ಚರ್ಚೆ ಹಾಗಿರಲಿ. ಬಿಲ ತೋಡುವುದು ಏಡಿಯ ಸ್ವಭಾವ, ಅದನ್ನು ಕಂಡು ಮುಚ್ಚಿಸುವುದು ಮನುಷ್ಯನ ಹೊಣೆ.

ಇದರ ಭೌತಶಾಸ್ತ್ರವನ್ನು ಕೊಂಚ ವಿಚಾರಿಸೋಣ. ನಿಂತ ನೀರಿನ ಒತ್ತಡ ಆಳವನ್ನು ಅವಲಂಬಿಸುತ್ತದೆಯೇ ಹೊರತು ಕೆರೆಯ ವಿಸ್ತಾರವನ್ನಲ್ಲ. 5 ಮೀಟರು ಆಳದಲ್ಲಿ ಪ್ರತಿ ಚದರ ಮೀಟರಿನ ಮೇಲೂ ನೀರು 5 ಟನ್ನು ಭಾರದಷ್ಟು ಒತ್ತುತ್ತದೆ. ಕೆರೆ ಸಣ್ಣದೆಂದು ಅದು ದಾಕ್ಷಿಣ್ಯ ತೋರುವುದಿಲ್ಲ. ಆದರೂ ಏರಿಯನ್ನು ನೀರು ತಳ್ಳಿ ಉರುಳಿಸುವುದು ಅಪೂರ್ವ. ಮಣ್ಣಿನ ತೂಕ ಆ ನೂಕನ್ನು ತಡೆದುಕೊಳ್ಳುತ್ತದೆ. ಹೆಚ್ಚಿನ ಏರಿಗಳು ಒಡೆಯುವುದು, ನೀರು ಒಳಗಿನಿಂದ ಕೊರೆಯುವುದರಿಂದ, ಇಲ್ಲವೆ ಮೇಲಿನಿಂದ ಉಕ್ಕಿ ಹರಿಯುವುದರಿಂದ.

ಸ್ವಲ್ಪವೂ ಒಸರದ ಮಣ್ಣಿನ ಏರಿ ಇಲ್ಲವೆಂದೇ ಹೇಳಬಹುದು. ಒಸರುವ ನೀರು ಏರಿಯನ್ನು ದಾಟುವಾಗ ಅದರ ಮಟ್ಟ ಎಷ್ಟು ಇಳಿಯುವುದೋ ಅದನ್ನು ಅದು ನಡೆದ ದೂರದಿಂದ ಭಾಗಿಸಿರಿ. 5 ಮೀಟರು ಇಳಿತಕ್ಕೆ 25 ಮೀಟರು ದೂರವಿದ್ದರೆ ಭಾಗಲಬ್ಧ 0.2, ಭಯವಿಲ್ಲ. ನೀರು ಮೇಲ್ಮುಖವಾಗಿ ಹೊರಬೀಳುವ ಎಡೆಯಲ್ಲಿ ಈ ಸಂಖ್ಯೆ 1ನ್ನು ಸಮೀಪಿಸಿತೆಂದರೆ, ಮರಳಿನ ಕಣಗಳು ತಮ್ಮ ತೂಕವನ್ನೇ ಕಳೆದುಕೊಂಡಂತಾಗಿ ನೀರಿನೊಡನೆ ಹೊರಡುತ್ತವೆ. ಏಡಿ ಹೆಗ್ಗಣಗಳ ಬಿಲ, ಹುತ್ತ, ಸತ್ತ ಮರದ ಬೇರು ಕೊಳೆತು ಉಳಿದ ಟೊಳ್ಳು, ಇವೆಲ್ಲ ಮಾಡುವ ಕೇಡು ಒಂದೇ: ನೀರಿನ ದಾರಿಯನ್ನು ಮೊಟಕು ಮಾಡುವುದು. ದೂರ ಕಡಮೆಯಾದಂತೆ ಸಂಖ್ಯೆ ಏರುತ್ತದೆ. ಕೊಚ್ಚಿಹೋದ ಪ್ರತಿಯೊಂದು ಕಣವೂ ದಾರಿಯನ್ನು ಇನ್ನಷ್ಟು ಕಿರಿದುಗೊಳಿಸುತ್ತದೆ. 1976ರ ಜೂನ್ 5ರ ಬೆಳಿಗ್ಗೆ ಅಮೆರಿಕದ ಟೀಟನ್ ಎಂಬ ಮಣ್ಣಿನ ಅಣೆಕಟ್ಟಿನಲ್ಲಿ ಕೆಸರು ನೀರು ಜಿನುಗುತ್ತಿದ್ದುದು ಕಂಡಿತು; ಹಗಲು ಹನ್ನೆರಡು ಹೊಡೆಯುವ ಮುನ್ನವೇ ಅಣೆಕಟ್ಟು ಒಡೆದುಹೋಯಿತು.

ಆದುದರಿಂದ ಏರಿಯ ಹಿಂಬದಿಯ ಬುಡದಲ್ಲಿ ಕೇಳಬೇಕಾದ ಪ್ರಶ್ನೆಗಳು ಎರಡು. ಒಸರು ತಿಳಿಯಾಗಿದೆಯೋ ಬಗ್ಗಡವಾಗಿದೆಯೋ? ಕೆರೆಯಲ್ಲಿ ನೀರಿನ ಮಟ್ಟ ಇದ್ದಷ್ಟೇ ಇರುವಾಗ ಒಸರು ಮಾತ್ರ ಹೆಚ್ಚಿದೆಯೋ? ಬಗ್ಗಡ ಕಂಡರೆ ಹೊರಬಾಯಿಗೆ ಜೇಡಿಮಣ್ಣು ಮೆತ್ತುವುದು ಸಹಜವೆನಿಸೀತು. ಆದರೆ ಅದು ತಪ್ಪು. ಬಾಯಿ ಮುಚ್ಚಿದ ನೀರು ಒಳಗೆ ಒತ್ತಡ ಬೆಳೆಸಿ ಬೇರೊಂದು ಬಾಯಿ ತೆರೆಯುತ್ತದೆ. ಮೊದಲು ಮರಳು, ಅದರ ಮೇಲೆ ಜಲ್ಲಿ, ಅದರ ಮೇಲೆ ಕಲ್ಲು ಹಾಸಬೇಕು. ನೀರು ಬರಲಿ, ಮಣ್ಣು ಬಾರದಿರಲಿ ಎಂಬುದೇ ಇಲ್ಲಿಯ ಸೂತ್ರ.

ಇನ್ನು ಕೋಡಿಯ ಮಾತು. ಇನ್ನೊಂದಿಷ್ಟು ನೀರು ನಿಲ್ಲಲೆಂದು ಕೋಡಿಗೆ ಕಲ್ಲು, ಮೂಟೆ ಅಡ್ಡವಿಡುವ ರೂಢಿ ಹಲವೆಡೆ ಇದೆ. ಕೋಡಿಯ ಮೇಲೆ ಹರಿಯುವ ನೀರಿನ ಪ್ರಮಾಣ ಆ ಹರಿವಿನ ಎತ್ತರದ ಒಂದೂವರೆ ಘಾತದಂತೆ ಬದಲಾಗುತ್ತದೆ. ಒಂದು ಮೀಟರು ಎತ್ತರಕ್ಕೆ ಹರಿಯಬೇಕಾದಲ್ಲಿ ಅರ್ಧ ಮೀಟರನ್ನು ಮುಚ್ಚಿದರೆ ಹರಿವು ಅರ್ಧಕ್ಕಿಳಿಯುವುದಿಲ್ಲ. ನೂರಕ್ಕೆ 35ಕ್ಕೆ ಇಳಿಯುತ್ತದೆ! ಉಳಿದ 65 ಪಾಲು ಏರಿಯ ತಲೆಯ ಮೇಲೆ ದಾರಿ ಹುಡುಕುತ್ತದೆ. ಹತ್ತು ಮೂಟೆಗಳ ಲಾಭಕ್ಕಾಗಿ ಅಚ್ಚುಕಟ್ಟನ್ನೇ ಪಣಕ್ಕಿಟ್ಟಂತಾಯಿತು.

ಈ ತಿಳಿವಳಿಕೆಯ ಬೇರು ನಮ್ಮ ನೆಲದಲ್ಲಿ ಹಳೆಯದು. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಕಟ್ಟಿಸಿದ ಕೆರೆಯ 1369ರ ಶಾಸನ, ಕೆರೆಗೆ ಇರಬೇಕಾದ ಹನ್ನೆರಡು ಅಂಗಗಳನ್ನೂ ಇರಬಾರದ ಆರು ದೋಷಗಳನ್ನೂ ಎಣಿಸುತ್ತದೆ. ಏರಿಯಿಂದ ನೀರು ಒಸರುವುದು ಆ ದೋಷಗಳಲ್ಲೊಂದು. ಇಂದಿನ ವಿಜ್ಞಾನ ಇದಕ್ಕೆ ಸೇರಿಸಿರುವುದು, ಯಾವ ಒಸರು ಅಪಾಯದ್ದು ಯಾವುದು ಅಲ್ಲವೆಂಬ ವಿವೇಚನೆಯನ್ನು. ಕನ್ನಡನಾಡಿನ ಶಾಸನಗಳಲ್ಲಿ ಬರುವ ಬಿತ್ತುವಟ್ಟ, ದಸವಂದಗಳೂ ಕೆರೆಯ ಪಾಲನೆಗಾಗಿ ಏರ್ಪಟ್ಟ ದತ್ತಿಗಳೇ. ಕಟ್ಟುವುದರಷ್ಟೇ ಕಾಯುವುದೂ ದೊಡ್ಡ ಕೆಲಸವೆಂದು ಆ ಜನ ಅರಿತಿದ್ದರು.

ಈಗ ಕಾಯುವವರು ಯಾರು? 2021ರ ಅಣೆಕಟ್ಟು ಸುರಕ್ಷತಾ ಕಾಯಿದೆ 15 ಮೀಟರಿಗೆ ಮೀರಿದ ಕಟ್ಟೆಗಳಿಗೂ, 10ರಿಂದ 15 ಮೀಟರಿನವುಗಳಲ್ಲಿ ಕೆಲವಕ್ಕೂ ಅನ್ವಯಿಸುತ್ತದೆ. ಊರಕೆರೆಗಳ ಏರಿಗಳಲ್ಲಿ ಬಹುಪಾಲು ಅಷ್ಟು ಎತ್ತರವಿಲ್ಲ. ಕಾಯಿದೆಯ ಕಣ್ಣು ತಲಪದ ಕಡೆ ಊರಿನ ಕಣ್ಣೇ ತಲಪಬೇಕು. ಪ್ರತಿಯೊಂದು ಕೆರೆಗೂ ಒಂದು ದಿನಚರಿ ಪುಸ್ತಕವಿರಬೇಕೆಂದೂ, ಸಮೀಪದ ಶಾಲೆ ಕಾಲೇಜುಗಳ ವಿದ್ಯಾರ್ಥಿಗಳು ಉಪಾಧ್ಯಾಯರೊಡಗೂಡಿ ಅದನ್ನು ಬರೆಯಬೇಕೆಂದೂ ನಾವು ಸೂಚಿಸುತ್ತೇವೆ. ಒಂದು ಬಕೆಟ್ಟು, ಒಂದು ಗಡಿಯಾರ, ಒಂದು ಗಾಜಿನ ಲೋಟ ಸಾಕು: ಒಸರು ನೀರಿಗೆ ಬಕೆಟ್ಟು ತುಂಬಲು ಎಷ್ಟು ನಿಮಿಷ ಹಿಡಿಯಿತು, ಲೋಟದ ತಳದಲ್ಲಿ ಮಣ್ಣು ಕೂತಿತೇ, ಅಂದು ಕೆರೆಯ ಮಟ್ಟ ಎಷ್ಟಿತ್ತು, ಹೊಸ ಬಿಲಗಳೆಷ್ಟು, ಕೋಡಿ ತೆರವಾಗಿದೆಯೇ.

ಇದು ಎಂಜಿನಿಯರುಗಳ ಕೆಲಸವಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ರಿಪೇರಿ ಅವರದೇ, ಸಂದೇಹವಿಲ್ಲ. ಆದರೆ ವರ್ಷಕ್ಕೊಮ್ಮೆ ಬರುವ ಎಂಜಿನಿಯರಿಗೆ ಒಸರು ಕಂಡೀತು, ಒಸರಿನ ಬದಲಾವಣೆ ಕಾಣದು. ಬದಲಾವಣೆಯನ್ನು ಬಲ್ಲುದು ಆ ಪುಸ್ತಕ ಮಾತ್ರ. ತಿಳಿನೀರು ಬಗ್ಗಡವಾದುದನ್ನು ಹದಿನಾರು ವರ್ಷದ ಹುಡುಗಿಯೊಬ್ಬಳು ಒಂದು ಸಂಜೆ ಬರೆದಿಟ್ಟು ಪಂಚಾಯತಿಗೆ ಓಡಿ ತಿಳಿಸಿದಳೆಂದರೆ, ಏರಿಯ ಕೆಳಗೆ ಮಲಗುವ ಮನೆಗಳಿಗೆ ಎದ್ದು ಹೊರಡಲು ಹೊತ್ತು ಸಿಕ್ಕೀತು.