ಕುರುಳಿಗೇಕೆ ಶಿಕ್ಷೆ?

ಸಾಹಿತ್ಯಕ್ಕೆ ಮೀಸಲಾದ ಈ ಪುಟಗಳಿಗೆ ತಲೆಗೂದಲಿನ ವಿಚಾರವನ್ನು ಹೊತ್ತು ತಂದ ಈಕೆಯ ತಲೆ ಸರಿಯಾಗಿದೆಯೇ ಎಂದು ಕೆಲವು ಮಹಾಶಯರು ಹುಬ್ಬೇರಿಸಬಹುದು. ಹುಬ್ಬೂ ಕೂದಲೇ ಎಂಬುದನ್ನು ಅವರಿಗೆ ವಿನಯಪೂರ್ವಕವಾಗಿ ನೆನಪಿಸಿ ಮುಂದುವರಿಯುತ್ತೇನೆ.

ನಮ್ಮ ಕಾವ್ಯಗಳಿಂದ ಕೂದಲನ್ನು ಕಿತ್ತು ತೆಗೆದರೆ ಉಳಿಯುವುದೆಷ್ಟು? ಪಂಪನ ಭಾರತದಲ್ಲಿ ದ್ರೌಪದಿಯ ಬಿಚ್ಚಿದ ಮುಡಿಯೇ ಒಂದು ಪ್ರತಿಜ್ಞೆ. ಅಕ್ಕಮಹಾದೇವಿಯೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಮೈದುಂಬಿದ ಕೇಶರಾಶಿಯ ಚಿತ್ರ. ಕೇಶವನೆಂಬ ನಾಮಕ್ಕೆ ಚೆಲುವಾದ ಕೂದಲುಳ್ಳವನೆಂಬ ಅರ್ಥವೂ ಉಂಟು. ಕುಂತಲವೆಂಬುದು ಕನ್ನಡ ನಾಡಿನ ಪ್ರಾಚೀನ ನಾಮಗಳಲ್ಲೊಂದು. ಅದೇ ಪದಕ್ಕೆ ತಲೆಗೂದಲೆಂಬ ಅರ್ಥವೂ ಇದೆ. ಇನ್ನು ಅಚ್ಚಗನ್ನಡದಲ್ಲಿ ಕುರುಳು, ಮುಂಗುರುಳು, ಗುಂಗುರು ಎಂಬ ಮುದ್ದಾದ ಮಾತುಗಳಿವೆ. ಬಾಗಿದ, ಸುರುಳಿದ, ಅಲೆಯಾಡುವ ಕೂದಲಿಗಾಗಿಯೇ ಹುಟ್ಟಿದ ಪದಗಳಿವು. ನೆಟ್ಟನೆಯ ಕೂದಲಿಗೆ ನಮ್ಮ ಹಿರಿಯರು ಇಷ್ಟೊಂದು ಅಕ್ಕರೆಯ ಹೆಸರುಗಳನ್ನು ಇಟ್ಟಂತೆ ಕಾಣೆ.

ಹೀಗಿರಲು, ಪುಸ್ತಕದಲ್ಲಿ ಕುರುಳನ್ನು ಕೊಂಡಾಡುವ ನಾವೇ ಮನೆಯಲ್ಲಿ ಅದನ್ನು ಕಂಡರೆ ಏಕೆ ಸಿಡಿಮಿಡಿಗೊಳ್ಳುತ್ತೇವೆ? ನಾಯಿಕೆಯ ಹಣೆಯ ಮೇಲಿದ್ದರೆ ಮುಂಗುರುಳು. ನಮ್ಮ ಮಗಳ ಹಣೆಯ ಮೇಲಿದ್ದರೆ ಕಾಗೆಗೂಡು! ಈ ಇಬ್ಬಗೆಯ ನ್ಯಾಯದ ವಿರುದ್ಧವೇ ನನ್ನ ಈ ಲೇಖನ. ಆರೋಪಿಗಳ ಸಾಲಿನಲ್ಲಿ ಮೊದಲು ನಿಲ್ಲಬೇಕಾದವಳು ನಾನೇ ಆಗಿರುವುದರಿಂದ ನನ್ನ ಅಪರಾಧವನ್ನೇ ಮುಂದಾಗಿ ಒಪ್ಪಿಕೊಳ್ಳುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ನಾಲ್ಕನೆಯ ತರಗತಿಯಲ್ಲಿ ಒಬ್ಬಳು ಹುಡುಗಿಯಿದ್ದಳು. ಲೆಕ್ಕದಲ್ಲಿ ಚುರುಕು, ಮಾತಿನಲ್ಲಿ ಮಿತ. ಅವಳ ಕೂದಲು ಮಾತ್ರ ಎಷ್ಟು ಎಣ್ಣೆ ಹಾಕಿ ಹೆಣೆದರೂ ಪ್ರಾರ್ಥನೆ ಮುಗಿಯುವುದರೊಳಗೆ ಜಡೆಯಿಂದ ಬಿಡಿಸಿಕೊಂಡು ಕಿವಿಯ ಸುತ್ತ ಎದ್ದು ನಿಲ್ಲುತ್ತಿತ್ತು. ಶಾಲಾ ವಾರ್ಷಿಕೋತ್ಸವದ ನೃತ್ಯಕ್ಕೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದಾಗ, ಅವಸರದಲ್ಲಿ, ಎಲ್ಲರ ಎದುರಿಗೆ, "ಏನಮ್ಮಾ, ತಲೆಯಲ್ಲಿ ಕಾಗೆ ಸಂಸಾರ ಹೂಡಿದೆಯೇ?" ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. "ನನ್ನ ಕೂದಲು ಹೀಗೆಯೇ ಟೀಚರೇ, ಎಷ್ಟು ಬಾಚಿದರೂ ಕೂತುಕೊಳ್ಳುವುದಿಲ್ಲ" ಎಂದು ಅವಳು ತಲೆ ತಗ್ಗಿಸಿದಳು.

ಮಾರನೆಯ ದಿನ ಅವಳು ಶಾಲೆಗೆ ಬರಲಿಲ್ಲ. ಮೂರನೆಯ ದಿನವೂ ಬಾರದಿದ್ದಾಗ ಸಂಜೆ ಅವರ ಮನೆಗೆ ಹೋದೆ. ಹುಡುಗಿ ಬಾಗಿಲ ಮರೆಯಲ್ಲಿ ನಿಂತಿದ್ದಳು. ಹಣೆಯ ಮೇಲಿನ ಮತ್ತು ಕಿವಿಯ ಬದಿಯ ಕೂದಲನ್ನು ಬುಡದವರೆಗೆ ಅವಳೇ ಕತ್ತರಿಸಿಕೊಂಡಿದ್ದಳು. ಒಂಬತ್ತು ವರ್ಷದ ಮಗು! ನನ್ನ ಒಂದು ವಿನೋದದ ಮಾತಿಗೆ ಅವಳು ತೆತ್ತ ದಂಡ ಅದು. ಅವಳ ಅಜ್ಜಿ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ಕುಡಿಯಲು ನೀರು ಬೆಲ್ಲ ಕೊಟ್ಟು, ತಮ್ಮ ನರೆತ ತುರುಬನ್ನು ಬಿಚ್ಚಿ ತೋರಿಸಿ, "ಇದು ನನ್ನ ತಲೆಯಿಂದ ಇವಳಿಗೆ ಇಳಿದು ಬಂದದ್ದು ಟೀಚರೇ. ನಿಮ್ಮದೂ ಇದೇ ಜಾತಿಯ ಕೂದಲು. ನೀವು ಬಾಚಿ ಬಾಚಿ ಅದನ್ನು ಕೊಂದಿದ್ದೀರಿ, ಅಷ್ಟೆ" ಎಂದರು.

ಮೂವತ್ತು ದಾಟಿದ, ಮಕ್ಕಳಿಗೆ ಪರಿಸರ ಪಾಠ ಹೇಳುವ, ತರಬೇತಿಯ ಪ್ರಮಾಣಪತ್ರವನ್ನು ಗೋಡೆಗೆ ತೂಗಹಾಕಿಕೊಂಡ ನನಗೆ ನನ್ನ ತಲೆಯ ಮೇಲೇನು ಬೆಳೆಯುತ್ತಿದೆಯೆಂಬುದೇ ತಿಳಿದಿರಲಿಲ್ಲ. ನನ್ನದು 'ಒರಟು ಕೂದಲು' ಎಂದು ನಾನು ಬಾಲ್ಯದಿಂದಲೂ ನಂಬಿದ್ದೆ. ಮುಂದಿನ ಆದಿತ್ಯವಾರ ತಲೆಗೆ ಮಿಂದು, ಹಣಿಗೆಯನ್ನು ಮುಟ್ಟದೆ, ಬೈರಾಸಿನಿಂದ ತಿಕ್ಕದೆ, ಹಳೆಯ ಹತ್ತಿಬಟ್ಟೆಯಿಂದ ನೀರನ್ನಷ್ಟೇ ಒತ್ತಿ ತೆಗೆದು, ಕೂದಲನ್ನು ಬೆನ್ನ ಮೇಲೆ ಬಿಟ್ಟುಕೊಂಡು ಅಂಗಳದಲ್ಲಿ ಕುಳಿತೆ. ಒಣಗಿದ ಮೇಲೆ ನೋಡಿದರೆ, ಕಿವಿಯ ಮಟ್ಟದಿಂದ ಕೆಳಗೆ ಸೊಂಟದವರೆಗೂ ಅಲೆಯ ಮೇಲೆ ಅಲೆ! ಕತ್ತಿನ ಹಿಂಬದಿಯ ಒಳಪದರದಲ್ಲಂತೂ ಸ್ಪಷ್ಟವಾದ ಸುರುಳಿಗಳೇ ಇದ್ದವು. ನಾನು ಒರಟೆಂದು ಹಳಿದದ್ದು ಒರಟಾಗಿರಲಿಲ್ಲ. ಪ್ರತಿದಿನವೂ ಒಣಗೂದಲನ್ನು ಬಾಚಿ, ಒಂದೊಂದು ಅಲೆಯನ್ನೂ ನೂರು ಎಳೆಗಳಾಗಿ ಚೆದರಿಸಿ, ಆ ಚೆದರಿಕೆಗೇ ನನ್ನ ಕೂದಲೆಂದು ಹೆಸರಿಟ್ಟಿದ್ದೆ.

ಇದರಲ್ಲಿ ಮಾಯೆಯೇನೂ ಇಲ್ಲ. ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದಾದದ್ದು. ಅದು ನೆಟ್ಟಗಿರಬೇಕೋ ಬಾಗಬೇಕೋ ಎಂಬುದು ಬಹುಮಟ್ಟಿಗೆ ಚರ್ಮದೊಳಗಿನ ಬೇರಿನ ಗೂಡಿನಲ್ಲಿಯೇ ತೀರ್ಮಾನವಾಗುತ್ತದೆ. ಗೂಡು ಬಾಗಿದ್ದರೆ ಎಳೆಯೂ ಬಾಗಿ ಹೊರಡುತ್ತದೆ. ಎಳೆಯೊಳಗಿನ ಗಂಧಕದ ಬಂಧಗಳು ಆ ಆಕಾರವನ್ನು ಭದ್ರವಾಗಿ ಹಿಡಿದಿರುತ್ತವೆ. ಜಲಜನಕದ ದುರ್ಬಲ ಬಂಧಗಳಾದರೋ ನೀರು ತಾಕಿದೊಡನೆ ಸಡಿಲಿ, ಒಣಗುವಾಗ ಮತ್ತೆ ಕೂಡಿಕೊಳ್ಳುತ್ತವೆ. ಒದ್ದೆಗೂದಲು ಯಾವ ಭಂಗಿಯಲ್ಲಿ ಒಣಗುತ್ತದೆಯೋ ಆ ಭಂಗಿಯನ್ನು ಮುಂದಿನ ಸ್ನಾನದವರೆಗೆ ನೆನಪಿಟ್ಟುಕೊಳ್ಳುವುದು ಇದರಿಂದಲೇ. ಉದ್ದಗೂದಲಿನವರಿಗೆ ತಮ್ಮ ಅಲೆಯ ಗುರುತು ಸಿಗದಿರಲು ಇನ್ನೊಂದು ಕಾರಣವುಂಟು: ಕೂದಲಿನ ಭಾರವೇ ಅಲೆಯನ್ನು ಕೆಳಗೆಳೆದು ಚಪ್ಪಟೆಯಾಗಿಸುತ್ತದೆ. ಜತೆಗೆ ಹುಟ್ಟಿದಂದಿನಿಂದ ಬಿಗಿದ ಜಡೆ. ಅಲೆ ಕಾಣುವುದೆಲ್ಲಿ?

ಈ ಅಜ್ಞಾನದ ಮೇಲೆಯೇ ಇಂದು ಒಂದು ದೊಡ್ಡ ವ್ಯಾಪಾರ ನಿಂತಿದೆ. ಸ್ಟ್ರೈಟನಿಂಗ್, ಸ್ಮೂದನಿಂಗ್ ಎಂಬ ಫಲಕವಿಲ್ಲದ ಪೇಟೆಯನ್ನು ಕಾಣುವುದು ದುರ್ಲಭ. ಮದುವೆಗೆ ಮುನ್ನ ಹುಡುಗಿಯ ಕೂದಲನ್ನು ನೆಟ್ಟಗಾಗಿಸುವುದು ಚಿನ್ನ ಕೊಳ್ಳುವಷ್ಟೇ ಅಗತ್ಯವೆಂದು ತಿಳಿದ ತಾಯಂದಿರಿದ್ದಾರೆ. ಅನ್ನ ಕುದಿಯುವ ನೀರಿನ ಬಿಸಿ 100 ಡಿಗ್ರಿ. ಆ ಇಸ್ತ್ರಿಯ ಬಿಸಿ 200 ಡಿಗ್ರಿಯನ್ನೂ ಮುಟ್ಟುತ್ತದೆ. ರಾಸಾಯನಿಕಗಳಾದರೋ ಕೂದಲಿನ ಗಂಧಕದ ಬಂಧಗಳನ್ನೇ ಮುರಿಯುತ್ತವೆ. ಕೆಲವು ಲೇಪಗಳು ಫಾರ್ಮಾಲ್ಡಿಹೈಡ್ ಎಂಬ ಅನಿಲವನ್ನು ಹೊರಸೂಸುತ್ತವೆ. ಅದು ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿಯೇ ನಿರ್ಣಯಿಸಿತು. 2022ರಲ್ಲಿ ಅಮೆರಿಕದಲ್ಲಿ 33,497 ಸ್ತ್ರೀಯರನ್ನು ಕುರಿತ ಅಧ್ಯಯನವೊಂದು ಪ್ರಕಟವಾಯಿತು. ಎಪ್ಪತ್ತನೆಯ ವಯಸ್ಸಿನೊಳಗೆ ಗರ್ಭಕೋಶದ ಕ್ಯಾನ್ಸರ್ ತಗಲುವ ಸಂಭವವು ಇಂಥ ಲೇಪಗಳನ್ನು ಬಳಸದವರಲ್ಲಿ ನೂರಕ್ಕೆ 1.64, ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬಳಸಿದವರಲ್ಲಿ 4.05 ಎಂದು ಅದು ಅಂದಾಜಿಸಿತು. ಇದು ಸಂಬಂಧವನ್ನು ತೋರಿಸಿತೇ ಹೊರತು ಕಾರಣವನ್ನು ಸಾಧಿಸಲಿಲ್ಲವೆಂಬುದನ್ನು ಪ್ರಾಮಾಣಿಕವಾಗಿ ಹೇಳಲೇಬೇಕು. ಆದರೂ, ರೋಗವಲ್ಲದ ಒಂದು ಗುಣವನ್ನು 'ವಾಸಿ' ಮಾಡಲು ರೋಗದ ಸಂಶಯವನ್ನು ಹಣ ಕೊಟ್ಟು ತರುವುದು ಯಾವ ಜಾಣತನ? ಇಷ್ಟಾಗಿ ಫಲವಾದರೂ ಶಾಶ್ವತವೇ? ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರು ಬೆಳೆಯುತ್ತದೆ. ಬುಡದಿಂದ ಹೊಸದಾಗಿ ಹುಟ್ಟುವ ಎಳೆಯು ಮತ್ತೆ ತನ್ನ ಬಾಗನ್ನೇ ಹೊತ್ತು ಬರುತ್ತದೆ. ಬಡಪಾಯಿ ಕೂದಲಿಗಿರುವ ಸ್ವಾಭಿಮಾನ ಅದರ ಒಡತಿಗಿಲ್ಲವಾಯಿತು!

ಈಗ ಎದುರುವಾದಿಗಳ ಮಾತಿಗೆ ಬರೋಣ. "ಶಾಲೆಯಲ್ಲಿ ಶಿಸ್ತು ಬೇಡವೇ? ಜಡೆ ಹೆಣೆಯದಿದ್ದರೆ ಹೇನು ಹರಡುವುದಿಲ್ಲವೇ?" ಎಂದು ನನ್ನ ಸಹೋದ್ಯೋಗಿಗಳೇ ಕೇಳುತ್ತಾರೆ. ಶಿಸ್ತು ಬೇಕು. ಮಕ್ಕಳು ಕೂದಲನ್ನು ಕಟ್ಟಿಕೊಂಡು ಬರಲಿ; ಅದಕ್ಕೆ ನನ್ನ ಆಕ್ಷೇಪವಿಲ್ಲ. ಹೇನು ತಲೆಗೆ ತಲೆ ತಾಗಿ ಹರಡುತ್ತದೆ. ಅದಕ್ಕೆ ಸೀರಣಿಗೆಯೂ ಔಷಧಿಯೂ ಉಂಟು. ನೆಟ್ಟನೆಯ ಕೂದಲನ್ನು ಕಂಡು ಅದು ಹಿಂದಿರುಗುವುದಿಲ್ಲ. ಆದರೆ ಬೆಳಗ್ಗೆ ಮಿಂದ ಒದ್ದೆಗೂದಲನ್ನು ಎಳೆದೆಳೆದು ಎರಡು ಜಡೆಯಾಗಿ ಬಿಗಿಯಲೇಬೇಕೆಂಬ ಹಟ ಶಿಸ್ತಲ್ಲ. ಕೇರಳದ ಬಾಲಹಕ್ಕು ಸಂರಕ್ಷಣಾ ಆಯೋಗವು 2016ರಲ್ಲಿಯೇ ಎರಡು ಜಡೆಗಾಗಿ ಶಾಲೆಗಳು ಹೆಣ್ಣುಮಕ್ಕಳನ್ನು ಬಲವಂತಪಡಿಸಬಾರದೆಂದು ಸೂಚಿಸಿತು. ದೂರದ ಕ್ಯಾಲಿಫೋರ್ನಿಯದಲ್ಲಿ 2019ರಲ್ಲಿ, ಹುಟ್ಟುಗೂದಲಿನ ಸ್ವರೂಪವನ್ನು ಕಾರಣವಾಗಿಟ್ಟು ಶಾಲೆಯಲ್ಲಾಗಲಿ ಉದ್ಯೋಗದಲ್ಲಾಗಲಿ ಭೇದವೆಣಿಸಬಾರದೆಂದು ಶಾಸನವೇ ಆಯಿತು. ಕಾನೂನು ಬಂದರೂ ಗೇಲಿ ಮಾಡುವ ನಾಲಿಗೆಗೆ ಬೀಗ ಹಾಕಬೇಕಾದವರು ನಾವೇ.

"ನನ್ನ ಕೂದಲು, ನನ್ನ ಇಷ್ಟ, ನೆಟ್ಟಗಾಗಿಸಿದರೆ ನಿಮಗೇನು?" ಎಂದು ತರುಣಿಯರು ಕೇಳಬಹುದು. ತನ್ನ ಸಹಜವಾದ ಕೂದಲನ್ನು ಕಂಡು, ಅರಿತು, ಆ ಬಳಿಕ ಬೇರೊಂದನ್ನು ಆರಿಸಿಕೊಂಡವಳೊಡನೆ ನನ್ನ ಜಗಳವಿಲ್ಲ. ಆದರೆ ಆರನೆಯ ವಯಸ್ಸಿನಿಂದ ಕಾಗೆಗೂಡೆನಿಸಿಕೊಂಡು ಇಪ್ಪತ್ತನೆಯ ವಯಸ್ಸಿನಲ್ಲಿ ಇಸ್ತ್ರಿಗೆ ತಲೆಯೊಡ್ಡಿದವಳು ಮಾಡಿದ್ದು ಆಯ್ಕೆಯೇ, ಶರಣಾಗತಿಯೇ? ನಾನು ಕೇಳುವುದು ಇಷ್ಟೇ.

ಇನ್ನು ಕೆಲವರಿಗೆ ಅಲೆಗೂದಲೇ ಹೊಸ ಗೀಳಾಗಿದೆ. ನೆಟ್ಟಗಾಗಿಸುವ ಲೇಪವನ್ನು ಮಾರಿದ ಅಂಗಡಿಯೇ ಈಗ ಅಲೆಯನ್ನು 'ಎಬ್ಬಿಸುವ' ಹತ್ತು ಸೀಸೆಗಳನ್ನು ಮಾರುತ್ತದೆ. ಸೋದರಿಯರೇ, ಇದ್ದುದನ್ನು ಇರಗೊಡಲು ಹತ್ತು ಸೀಸೆ ಬೇಡ. ನಾನು ಅನುಭವದಿಂದ ಕಂಡುಕೊಂಡ ಕ್ರಮವನ್ನು ಹೇಳುತ್ತೇನೆ. ಮೀಯುವ ಮೊದಲು ಸ್ವಲ್ಪ ತೆಂಗಿನೆಣ್ಣೆ ಹಚ್ಚಿರಿ. ಅದು ಕೂದಲೆಳೆಯ ಒಳಹೊಕ್ಕು ತೊಳೆಯುವಾಗಿನ ಪ್ರೋಟೀನಿನ ನಷ್ಟವನ್ನು ತಗ್ಗಿಸುತ್ತದೆಂದು, ಸೂರ್ಯಕಾಂತಿ ಎಣ್ಣೆಗೂ ಖನಿಜ ತೈಲಕ್ಕೂ ಆ ಗುಣವಿಲ್ಲವೆಂದು, 2003ರ ಸಂಶೋಧನೆಯೊಂದು ತೋರಿಸಿದೆ. ಮೈಗೆ ಹಚ್ಚುವ ಕ್ಷಾರದ ಸಾಬೂನು ತಲೆಗೆ ಬೇಡ. ಸೀಗೆಯಾಗಲಿ ಸೌಮ್ಯವಾದ ಶಾಂಪೂ ಆಗಲಿ ಸಾಕು. ಸೀಗೆಪುಡಿಯನ್ನು ಹಾಗೆಯೇ ತಿಕ್ಕಿದರೆ ಸಿಕ್ಕು ಹೆಚ್ಚುತ್ತದೆ. ನೆನಸಿ, ಸೋಸಿ, ನೀರನ್ನು ಮಾತ್ರ ಬಳಸಿರಿ. ಅನಂತರ ದಾಸವಾಳದ ಎಲೆಯನ್ನು ಕಿವಿಚಿದ ಗೊಂಪನ್ನು ಹಚ್ಚಿರಿ. ನಮ್ಮ ನೆರೆಯ ಮಲಯಾಳಿಗಳು ಇಂಥದನ್ನೇ ತಾಳಿಯೆನ್ನುತ್ತಾರೆ. ಪೇಟೆಯ ಕಂಡಿಷನರಿನಂತೆ ಇದೂ ಎಳೆಗಳನ್ನು ಜಾರುವಂತೆ ಮಾಡುತ್ತದೆ. ಆ ಲೋಳೆ ಇರುವಾಗಲೇ ಅಗಲ ಹಲ್ಲಿನ ಹಣಿಗೆಯಿಂದ, ತುದಿಯಿಂದ ಮೊದಲುಮಾಡಿ ಮೇಲಕ್ಕೆ, ಮೆಲ್ಲನೆ ಸಿಕ್ಕು ಬಿಡಿಸಿರಿ. ಒದ್ದೆಗೂದಲು ಬಲಹೀನವಾದುದರಿಂದ ಎಳೆದಾಡಬಾರದು. ತೊಳೆದ ಮೇಲೆ ಹತ್ತಿಬಟ್ಟೆಯಿಂದ ಒತ್ತಿ, ಒಣಗುವವರೆಗೆ ಮುಟ್ಟದಿರಿ. ಒಣಗೂದಲಿಗೆ ಹಣಿಗೆ ಬೇಡ, ಬೆರಳೇ ಸಾಕು. ರಾತ್ರಿ ಸಡಿಲವಾದ ಒಂದು ಜಡೆ. ಸೊಂಟದವರೆಗಿನ ಕೂದಲಿನ ತುದಿಗೆ ಐದಾರು ವರ್ಷದ ವಯಸ್ಸಾಗಿರುತ್ತದೆಯೆಂಬುದನ್ನು ಮರೆಯದೆ, ವೃದ್ಧರನ್ನು ನಡೆಸಿಕೊಳ್ಳುವಂತೆ ಅದನ್ನು ನಡೆಸಿಕೊಳ್ಳಿರಿ. ಸೀಳಿದ ತುದಿಯನ್ನು ಆಗಾಗ ಕತ್ತರಿಸಿರಿ. ಇಷ್ಟು ಮಾಡಿಯೂ ಅಲೆ ಮೂಡದಿದ್ದರೆ ನಿಮ್ಮದು ನೆಟ್ಟನೆಯ ಕೂದಲು; ಅದೂ ಅಷ್ಟೇ ಚೆಲುವಾದುದು.

ನಮ್ಮ ಭಾಷೆಯಲ್ಲಿ ಶಿಕ್ಷಣಕ್ಕೂ ದಂಡನೆಗೂ ಒಂದೇ ಮೂಲದ ಮಾತು ನಿಂತಿರುವುದು ನಮ್ಮಂಥ ಉಪಾಧ್ಯಾಯರಿಗೆ ಎಚ್ಚರಿಕೆಯ ಗಂಟೆ. ತಿದ್ದುವುದು ನಮ್ಮ ಕಸುಬು. ತಪ್ಪಾದ ಕಾಗುಣಿತವನ್ನು ತಿದ್ದೋಣ, ತಪ್ಪಿದ ಲೆಕ್ಕವನ್ನು ತಿದ್ದೋಣ. ತಪ್ಪೇ ಅಲ್ಲದುದನ್ನು ತಿದ್ದಹೊರಟಾಗ ನಮ್ಮ ಕೈಯ ಸೀಮೆಸುಣ್ಣವೂ ಕತ್ತರಿಯಾಗುತ್ತದೆ.

ಆ ಹುಡುಗಿ ಮರುವಾರ ಶಾಲೆಗೆ ಬಂದಳು. ತರಗತಿಯ ಎದುರಿನಲ್ಲಿಯೇ ಅವಳಲ್ಲಿ ಕ್ಷಮೆ ಕೇಳಿದೆ. ಅವಮಾನ ಎಲ್ಲಿ ನಡೆಯಿತೋ ಕ್ಷಮೆಯೂ ಅಲ್ಲಿಯೇ ಆಗಬೇಕಷ್ಟೆ. ಆ ದಿನ ನಾನು ನನ್ನ ಅಲೆಗೂದಲನ್ನು ಬಾಚದೆ, ಹಿಂದಕ್ಕೆ ಸಡಿಲವಾಗಿ ಕಟ್ಟಿಕೊಂಡು ಹೋಗಿದ್ದೆ. ಅವಳು ಬಹಳ ಹೊತ್ತು ನನ್ನ ತಲೆಯನ್ನೇ ನೋಡುತ್ತಿದ್ದು, ಕೊನೆಗೆ, "ಟೀಚರೇ, ನಿಮಗೂ ಇದೆಯಾ?" ಎಂದಳು. ಕತ್ತರಿಸಿದ ಕೂದಲು ಕಿವಿಯಿಂದ ಕೆಳಗಿಳಿಯಲು ವರ್ಷದ ಮೇಲೆಯೇ ಹಿಡಿಯಿತು. ಬುಡದಿಂದ ಬಂದ ಹೊಸ ಎಳೆಗಳು ಮೊದಲಿನಂತೆಯೇ ಸುರುಳಿಕೊಂಡು ಬಂದವು. ಅವುಗಳನ್ನು ಮತ್ತೆ ಕತ್ತರಿಗೆ ಕೊಡದಂತೆ ಆ ಮಗುವನ್ನು ಕಾಯುವ ಹೊಣೆ ಅವಳೊಬ್ಬಳದಲ್ಲ. ತಾಯಂದಿರೇ, ಉಪಾಧ್ಯಾಯರೇ, ಅದು ನಮ್ಮದು.